ದಬ್ಬಣ ನನ್ನ ಕೈಗೆ ಕೊಡಿ

ಹರಿಕೃಷ್ಣ ತನ್ನ ಹೊಸ ರಂಗಪ್ರಯೋಗದ ರಿಹರ್ಸಲ್ ವಿಡಿಯೋವನ್ನು ಹೆಮ್ಮೆಯಿಂದಲೇ ಕಳಿಸಿದ್ದ. ಹಿಂದೂಪುರದ ತನ್ನ ಟೈಲರಿಂಗ್ ಅಂಗಡಿಯಲ್ಲಿ ಕೂತು ಅದನ್ನು ನೋಡಿದ ರಮಾದೇವಿಗೆ ಮೈಯೆಲ್ಲ ಉರಿದುಹೋಯಿತು.

ಅವನು ಸುಮ್ಮನೆ ನಿಂತಿದ್ದಾನೆ. ಬೆಂಗಳೂರಿನ ಉಮಾದೇವಿ ಅವನ ಮೈಗೆ ಹುಣಸೆಹಣ್ಣಿನ ಗೋಣಿಚೀಲ ಸುತ್ತಿ, ಕೈಗಳೆರಡನ್ನೂ ಒಳಗೆ ಸೇರಿಸಿ, ದಬ್ಬಣದಿಂದ ಹೊಲಿಯುತ್ತಿದ್ದಾಳೆ. ಮೊದಲು ಎದೆ, ಆಮೇಲೆ ಭುಜ. ಕುತ್ತಿಗೆಯ ಹತ್ತಿರ ಅವಳ ಬೆರಳು ಬಂದಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ.

ರಮಾದೇವಿ ತಕ್ಷಣ ಫೋನ್ ಮಾಡಿದಳು. "ಕಣ್ಣು ಯಾಕೆ ಮುಚ್ಕೊಂಡೆ?"

"ದಬ್ಬಣ ಕಣಮ್ಮ! ಚುಚ್ಬುಟ್ರೆ?"

"ಓಹೋ. ದಿನವೆಲ್ಲ ಹೊಲಿಯೋಳು ನಾನು ಇಲ್ಲಿದೀನಿ. ನಿಂಗೆ ಆಯಮ್ಮನೇ ಬೇಕಿತ್ತಾ?"

"ಫಂಡಿಗೆ ಅರ್ಜಿ ಬರ್ದೋಳು ಅವ್ಳೇ ಅಲ್ವಾ? ಪ್ರಾಜೆಕ್ಟು ಅವ್ಳಿಗೆ ಅರ್ಥ ಆಗೈತೆ, ಅದಕ್ಕೇ..."

ಮುಂದಿನದನ್ನು ಕೇಳುವ ತಾಳ್ಮೆ ಅವಳಿಗಿರಲಿಲ್ಲ. ಅರ್ಥ ಆಗಿದೆಯಂತೆ! ಹುಣಸೆಹಣ್ಣಿನ ಮಂಡಿಯಲ್ಲಿ ಮೂಟೆ ಹೊತ್ತು ಹೊತ್ತು ಅವನಪ್ಪ ಪೋತಪ್ಪನ ಬೆನ್ನು ಬಾಗಿದ್ದನ್ನು ಕಂಡವಳು ಯಾರು? ಮೂಟೆಯೂ ಅಪ್ಪನೂ ಒಂದೇ ಆಗಿಹೋದದ್ದನ್ನು ಜನರಿಗೆ ತೋರಿಸಬೇಕೆಂದು ಅವನು ಮೊದಲು ಹೇಳಿಕೊಂಡದ್ದು ಯಾರ ಹತ್ತಿರ?

ಭಾನುವಾರ ಫಂಡ್ ಕೊಡುವವರ ಮುಂದೆ ಪ್ರದರ್ಶನ. ಬಾಡಿಗೆ ಕಡಿಮೆಯೆಂದು ಕಲ್ಯಾಣದುರ್ಗದಲ್ಲಿ ಹಾಲ್ ಹಿಡಿದಿದ್ದರು. ಅವರು ಒಪ್ಪಿದರೆ ಹತ್ತು ಊರುಗಳಲ್ಲಿ ಪ್ರಯೋಗ. ಅಂದರೆ ಹತ್ತು ಊರುಗಳಲ್ಲಿ ಆ ಕುತ್ತಿಗೆ, ಆ ಬೆರಳು! ಹೋಗಲೇಬಾರದೆಂದುಕೊಂಡು ರಮಾದೇವಿ ನವಿಲುಬಣ್ಣದ ಸೀರೆ ಉಟ್ಟಳು. ಹೋಗಲೇಬಾರದೆಂದುಕೊಂಡು ಬಸ್ಸನ್ನೂ ಹತ್ತಿದಳು.

ಹೊಲಿಗೆ ಕೆಟ್ಟದಾಗಿದ್ದರೆ ಸ್ವಲ್ಪ ಸಮಾಧಾನವಿರುತ್ತಿತ್ತು. ಹಾಳಾದ್ದು, ವೇದಿಕೆಯ ಮೇಲೆ ಉಮಾದೇವಿ ಚೆನ್ನಾಗಿಯೇ ಹೊಲಿಯುತ್ತಿದ್ದಳು. ಎದೆ ಮುಗಿಯಿತು. ಭುಜಕ್ಕೆ ಬಂದಳು. ರಮಾದೇವಿಗೆ ಕೂತಲ್ಲಿ ಕೂರಲಾಗಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ವೇದಿಕೆ ಹತ್ತಿ ಕೈ ಚಾಚಿದ್ದಳು.

"ಕೊಡಿ ಇಲ್ಲಿ."

ಉಮಾದೇವಿ ಅವಳನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು. ತುಟಿಯಂಚಿನಲ್ಲಿ ನಕ್ಕು, ದಬ್ಬಣ ಕೊಟ್ಟು ಕೆಳಗಿಳಿದಳು. ಇದೂ ಪ್ರಯೋಗದ ಭಾಗವೆಂದೇ ಜನ ತಿಳಿದರು.

"ನನ್ನನ್ಯಾಕೆ ಕರೀಲಿಲ್ಲ?" ಹೊಲಿಯುತ್ತಲೇ ಪಿಸುಗುಟ್ಟಿದಳು.

"ಫಂಡು ಇನ್ನೂ ಬಂದಿಲ್ಲ ರಮಾ. ಅವ್ಳಿಗೆ ತಿಂಗ್ಳಾದ್ರೆ ಸಂಬಳ ಬತ್ತದೆ. ನೀನು ಒಂದಿನ ಅಂಗಡಿ ಮುಚ್ಚಿದ್ರೆ ಅವತ್ತಿನ ದುಡಿಮೆ ಹೋಯ್ತು. ನಮ್ಮಪ್ಪನ್ನ ಎಲ್ರೂ ಬಿಟ್ಟಿ ದುಡಿಸ್ಕೊಂಡ್ರು. ನಾನೂ ನಿನ್ನ ಹಂಗೇ ದುಡಿಸ್ಕೊಳ್ಳಾ?"

"ಚಾಲ್ಲೇ, ಸಾಕು ಬಿಡು! ನಾನು ಕೂಲಿ ಕೇಳಿದ್ನಾ?"

"ಕೇಳಲ್ಲ. ಅದಕ್ಕೇ ಭಯ."

ಅವಳ ಕೈ ನಿಂತಿತು. ಇಷ್ಟು ದಿನದ ಸಿಟ್ಟು ಇಳಿದುಹೋಯಿತು. ಮೆಲ್ಲಗೆ ಕುತ್ತಿಗೆಯ ಹತ್ತಿರ ಬೆರಳು ತಂದಳು. ಅವನು ಕಣ್ಣು ಮುಚ್ಚಲಿಲ್ಲ; ಅವಳನ್ನೇ ನೋಡುತ್ತ ನಿಂತಿದ್ದ. ಅವಳಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ಕೊನೆಯ ಗಂಟು ಬಿಗಿದಾಗ ಚಪ್ಪಾಳೆ ಬಿತ್ತು. ಫಂಡ್ ಕೊಡುವವರಲ್ಲಿ ಹಿರಿಯರಾದ ಪದ್ಮಾವತಮ್ಮ ಎದ್ದು ನಿಂತು, "ಈ ಅಮ್ಮಾಯಿ ಹತ್ತು ಊರಿಗೂ ಬರ್ತಾಳೇನಪ್ಪಾ?" ಎಂದು ಕೇಳಿದರು.

"ನಾನಿನ್ನೂ ಕೇಳಿಲ್ಲ ಮೇಡಂ," ಎಂದ ಹರಿಕೃಷ್ಣ.

"ಕೇಳು ಮತ್ತೆ," ಎಂದಳು ರಮಾದೇವಿ.

"ಬತ್ತೀಯಾ?"

"ಕೂಲಿ ಕೊಟ್ರೆ ಬತ್ತೀನಿ."

ಜನ ನಕ್ಕರು. ಆ ನಗುವಿನ ಮರೆಯಲ್ಲಿ ಅವನು ಅವಳಿಗಷ್ಟೇ ಕೇಳುವಂತೆ, "ಹತ್ತೂರೂ ಮುಗಿದ್ಮೇಲೆ, ನಮ್ಮನೆಗೆ?" ಎಂದ.

"ಅದಕ್ಕೆ ಕೂಲಿ ಬ್ಯಾಡ," ಎಂದು ರಮಾದೇವಿ ಕತ್ತರಿ ತೆಗೆದುಕೊಂಡು, ಮೊದಲು ಅವನ ಬಲಗೈಯ ಕಡೆಯ ಹೊಲಿಗೆ ಬಿಚ್ಚಿದಳು.