ಮರೆಯಲು ತಡ ಮಾಡುವ ಗೇಟು

ಗೇಟಿನೊಳಗೆ ಕಾಲಿಟ್ಟೆ. ಪರದೆಯ ಮೇಲೆ ನನ್ನ ಎಡ ಸೊಂಟದಲ್ಲಿ ಪಿಸ್ತೂಲು ಮೂಡಿತು.

ಕಪ್ಪಗೆ... ಸ್ಪಷ್ಟವಾಗಿ.

ಕಾವಲುಗಾರನ ಕೈ ತನ್ನ ಸೊಂಟಕ್ಕೆ ಹೋಯಿತು.

ಒಳಗೆ ಲ್ಯಾಬಿನಲ್ಲಿ ಒಬ್ಬ ಎಂಜಿನಿಯರ್ ಬಂದಿಯಾಗಿದ್ದ. ಈ ಗೇಟು ಮಾಡಿದವನೇ ಅವನು. ಇದು ಬಳಸುವ ಟೆರಾಹರ್ಟ್ಜ್ ಅಲೆ ಬಟ್ಟೆಯನ್ನು ದಾಟುತ್ತದೆ, ಲೋಹವನ್ನು ದಾಟುವುದಿಲ್ಲ. ಬಚ್ಚಿಟ್ಟದ್ದೆಲ್ಲ ಪರದೆಗೆ ಬರುತ್ತದೆ. ಆದರೆ ಗೇಟಿನಲ್ಲಿ ದೋಷವಿದೆ, ಕೊಳ್ಳುವವರಿಗೆ ಹೇಳಿಬಿಡುತ್ತೇನೆ ಅಂದಿದ್ದ. ಕಂಪನಿಯ ಯಜಮಾನ ಅವನನ್ನು ಕೂಡಿಹಾಕಿದ. ನನ್ನನ್ನು ಕಳಿಸಿದವಳು ಅವನ ಅಕ್ಕ.

ದೋಷವನ್ನೂ ಅವಳೇ ಬಿಡಿಸಿ ಹೇಳಿದ್ದಳು. ಡಿಟೆಕ್ಟರ್ ಒಳಗೆ ಶಾಖ ಹಿಡಿಯುವ ಪುಟ್ಟ ಹಾಳೆಗಳು ಕಾಲುಗಳ ಮೇಲೆ ನಿಂತಿರುತ್ತವೆ. ಕಾಲು ತೆಳುವಾದರೆ ಶಾಖ ಸೋರುವುದಿಲ್ಲ, ಬ್ಲೇಡಿನ ಚೂರೂ ಕಾಣುತ್ತದೆ. ಆದರೆ ಕಂಡದ್ದು ಪರದೆಯಿಂದ ಬೇಗ ಅಳಿಯುವುದಿಲ್ಲ. ಕಾಲು ದಪ್ಪವಾದರೆ ಬೇಗ ಅಳಿಯುತ್ತದೆ, ಕಾಣುವುದು ಮಂಕು. ಅವಳ ತಮ್ಮ ನಡುವಿನ ಅಳತೆ ಇಡೋಣ ಅಂದಿದ್ದ. ಯಜಮಾನನಿಗೋ ಬಂದವರೆದುರು ಬ್ಲೇಡು ತೋರಿಸಿ ಮೀಸೆ ತಿರುವಬೇಕು! ತೆಳುವೇ ಇರಲಿ ಅಂದ.

ಹಿಂದಿನ ದಿನ ಕೊಳ್ಳುವವಳ ಸೋಗಿನಲ್ಲಿ, ಬರಿಗೈಯಲ್ಲಿ ಬಂದು ನೋಡಿದ್ದೆ. ಕಾವಲುಗಾರ ತಾನೇ ಮೊದಲು ಗೇಟು ದಾಟಿ, ತಿರುಗಿ ಪರದೆ ನೋಡುತ್ತಾನೆ. ಅವನ ಪಿಸ್ತೂಲು ಎಡ ಸೊಂಟದಲ್ಲಿ. ಪರದೆಯಲ್ಲಿ ಹಿಂದೆಯೇ ಬಂದವರ ಮೇಲೆಲ್ಲ ಅದರ ಅಳಿಯದ ನೆರಳು...

ಇವತ್ತು ನನ್ನದನ್ನೂ ಅಲ್ಲೇ ಸಿಕ್ಕಿಸಿಕೊಂಡಿದ್ದೆ.

ಕಾವಲುಗಾರ ತನ್ನ ಪಿಸ್ತೂಲನ್ನು ತಟ್ಟಿ ನಕ್ಕ. "ಹೆದರ್ಬೇಡಿ ಅಮ್ಮ. ನಂದೇ ಅದು. ಎಲ್ರ ಮೇಲೂ ಬರುತ್ತೆ."

ನಾನೂ ಪೆದ್ದುಪೆದ್ದಾಗಿ ನಕ್ಕೆ.

ಕಾವಲುಗಾರ ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದು ಬಾಗಿಲಲ್ಲೇ ನಿಂತ. ಯಜಮಾನ ಮೇಜಿನ ಮೇಲೆ ಕಾಲು ಚಾಚಿ ಕೂತಿದ್ದ. ತನ್ನ ಗೇಟಿನಂಥದ್ದು ಭೂಮಿಯ ಮೇಲೇ ಇಲ್ಲ ಎಂದು ಶುರುಹಚ್ಚಿಕೊಂಡ. ಆಕಳಿಕೆ ಬರುವವರೆಗೂ ಕೇಳಿಸಿಕೊಂಡೆ. ಆಮೇಲೆ ಪಿಸ್ತೂಲು ತೆಗೆದು ಅವನ ಗಲ್ಲದ ಕೆಳಗೆ ಇಟ್ಟೆ.

"ಲ್ಯಾಬಿನ ಕೀ ಕೊಡು."

ಅವನ ಕಾಲು ಮೇಜಿನಿಂದ ಕೆಳಗಿಳಿಯಿತು. ಕಾವಲುಗಾರ ನಾನು ಹೇಳುವ ಮೊದಲೇ ತನ್ನ ಪಿಸ್ತೂಲನ್ನು ನೆಲಕ್ಕಿಟ್ಟ. ಜಾಣ!

"ಪರದೇಲಿ ಕಾಣ್ಲಿಲ್ವೇನೋ ನಿಂಗೆ?" ಯಜಮಾನ ಅವನ ಮೇಲೆ ಹಲ್ಲು ಕಡಿದ.

"ಕಾಣ್ತು ಸಾರ್."

ಕೀ ಕಿತ್ತುಕೊಂಡು ಲ್ಯಾಬಿನ ಬೀಗ ತೆಗೆದೆ. ಎಂಜಿನಿಯರ್ ಹುಡುಗ ಗೋಡೆ ಹಿಡಿದು ಎದ್ದ. ತುಟಿ ಒಣಗಿತ್ತು. ಮೊದಲು ನೀರು ಕುಡಿಸಿದೆ. ಅಕ್ಕ ಕಾಯ್ತಿದ್ದಾಳೆ ಅಂದಾಗ ಅವನ ಕಣ್ಣು ತುಂಬಿತು.

ಹೊರಡುವಾಗ ಯಜಮಾನನನ್ನೇ ಕೈ ಎತ್ತಿಸಿ ಮುಂದೆ ದೂಡಿಕೊಂಡು ಗೇಟು ದಾಟಿದೆವು. ತಿರುಗಿ ನೋಡಿದೆ. ಖಾಲಿ ಗೇಟಿನ ಪರದೆಯಲ್ಲಿ ಯಜಮಾನನ ಎತ್ತಿದ ಕೈಗಳು ಹಾಗೇ ನಿಂತಿದ್ದವು.

ಒಪ್ಪಬೇಕು... ಚಿತ್ರ ಮಾತ್ರ ಬಹಳ ಸ್ಪಷ್ಟ.