ಕಿತ್ತಳೆ ಬಣ್ಣದ ಶಿವದಾರ

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ತೊಗರಿ ವ್ಯಾಪಾರಿ ಗುರುಲಿಂಗಪ್ಪನವರು ಗಾದಿ ಬಿಟ್ಟು ಏಳುವವರಲ್ಲ ಎಂಬುದು ಗಂಜಿನವರೆಲ್ಲ ಆಡಿಕೊಳ್ಳುವ ಮಾತಾಗಿತ್ತು. ಎದುರಂಗಡಿಯ ಜಗದೇವಪ್ಪ ಒಂದು ದಿನ ಅದನ್ನು ಅವರ ಮುಖದೆದುರೇ ಆಡಿದ. ಗುರುಲಿಂಗಪ್ಪನವರು ಜಗಳಕ್ಕೆ ಹೋಗಲಿಲ್ಲ. ಇದುವರೆಗೆ ಸಮುದ್ರವನ್ನೇ ಕಾಣದ ತಾವು ಕಾರವಾರದ ಆಚೆ, ಜನವಸತಿಯಿಲ್ಲದ ಕಡೆಯ ನಡುಗಡ್ಡೆಯವರೆಗೆ ಸ್ವತಃ ಹುಟ್ಟು ಹಾಕಿಕೊಂಡು ಹೋಗಿ, ಅಲ್ಲಿ ಚಹಾ ಕುಡಿದು ಬರುವುದಾಗಿ ಹೇಳಿದರು. ಗಂಜಿನಲ್ಲಿ ಆಡಿದ ಮಾತಿನಿಂದ ಹಿಂದೆ ಸರಿಯುವುದೆಂದರೆ ತೂಕದ ಕಲ್ಲು ಬದಲಿಸಿ ಸಿಕ್ಕಿಬಿದ್ದಷ್ಟೇ ಅವಮಾನ.

ಅವರನ್ನು ಕರೆದೊಯ್ಯುವ ಹೊಣೆ ಅಂಬಿಕಾಳದಾಯಿತು. ಕಮಲಾಪುರದ ಬಾಳೆತೋಟದ ಮನೆಯಲ್ಲಿ ಹುಟ್ಟಿದವಳು, ಕರಾವಳಿಗೆ ಹೋಗಿ ಕಯಾಕ್ ಎಂಬ ಕಿರುದೋಣಿ ನಡೆಸಲು ಕಲಿತು, ಈಗ ಪ್ರವಾಸಿಗರನ್ನು ನಡುಗಡ್ಡೆಗಳಿಗೆ ಕರೆದೊಯ್ದು, ಬಯಲಿನಲ್ಲೇ ಟೆಂಟ್ ಹಾಕಿ ತಂಗಿಸಿ ಮರಳಿ ತರುವ ಮಾರ್ಗದರ್ಶಿ. ಚಳಿಗಾಲದ ಮೊದಲ ಭಾಗವೆಲ್ಲ ಆಕೆ ಕಮಲಾಪುರದ ಆಚೆಯ ಹಿನ್ನೀರಿನಲ್ಲಿ ಅವರಿಗೆ ಹುಟ್ಟು ಹಿಡಿಯಲು ಕಲಿಸಿದಳು. ಜೊತೆಗೆ ಇನ್ನಿಬ್ಬರು ಸೇರಿಕೊಂಡರು: ಶಹಾಬಜಾರದ ಬ್ಯಾಂಕ್ ಅಧಿಕಾರಿ ಸುಮೇಧಾ, ಮತ್ತು ಅಂಬಿಕಾಳ ಪ್ರತಿ ಪ್ರವಾಸದಲ್ಲೂ ಹಗ್ಗದ ಕೆಲಸ ನೋಡಿಕೊಳ್ಳುವ ಮಜರ್.

ಹೊರಡುವ ದಿನ ಗುರುಲಿಂಗಪ್ಪನವರ ಹೆಂಡತಿ ನೀಲಗಂಗಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕಮಲಾಪುರದ ಕೆಂಪು ಬಾಳೆಯ ಒಂದು ಚಿಪ್ಪು ಕಟ್ಟಿಕೊಟ್ಟು, ಅಂಬಿಕಾಳ ಕೈ ಹಿಡಿದಳು.

"ಹೆಂಗ ಒಯ್ದೀದಿ, ಹಂಗ ತಂದು ಒಪ್ಪಸ್ಬೇಕು ನೋಡವ್ವ. ಒಂದು ಕೂದಲಾನೂ ಕಮ್ಮಿ ಆಗಬಾರ್ದು."

"ಅಮ್ಮಾರ, ಸಾವಕಾರ್ರ ತಲಿ ಮ್ಯಾಗ ಮೊದ್ಲೇ ಇಲ್ಲಲ್ರೀ," ಎಂದ ಮಜರ್. ನೀಲಗಂಗಮ್ಮ ನಗಲಿಲ್ಲ.

ಕರಾವಳಿಯ ಮರಳಿನ ಮೇಲೆ, ಕಯಾಕುಗಳನ್ನು ನೀರಿಗಿಳಿಸುವ ಮುನ್ನ, ಅಂಬಿಕಾ ಪ್ರತಿ ತಂಡಕ್ಕೂ ಹೇಳುವ ನಿಯಮವನ್ನೇ ಹೇಳಿದಳು. ಕೊರಳಲ್ಲಿ ಏನೂ ತೂಗಬಾರದು. ಕಯಾಕ್ ಮಗುಚಿದಾಗ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಗುರುಲಿಂಗಪ್ಪನವರ ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗೆ ಬಾಲ್ಯದಿಂದ ಅವರ ಮೈಬಿಟ್ಟು ಅಗಲದ ಇಷ್ಟಲಿಂಗ.

"ಇದು ತೆಗದಿಡೂ ಸಾಮಾನಲ್ಲ ತಂಗಿ," ಎಂದರು.

"ನನಗ ಗೊತ್ತಿಲ್ಲೇನ್ರೀ ಕಾಕಾ? ಜಾಕೆಟ್ಟಿನ ಎದಿ ಕಿಸೆದಾಗ ಇಡ್ರಿ. ಎದಿ ಮ್ಯಾಲೇ ಇದ್ದಂಗಾತು."

ಆಕೆಗೆ ಗೊತ್ತಿತ್ತು. ಆದರೆ ಆಕೆಯ ಇಷ್ಟಲಿಂಗ ಕಮಲಾಪುರದ ಮನೆಯ ದೇವರ ಜಗಲಿಯ ಮೇಲಿತ್ತು. ಊರಿಗೆ ಹೋದಾಗ ಮಾತ್ರ ಅದು ಆಕೆಯ ಕೊರಳಿಗೆ ಬರುತ್ತಿತ್ತು. ಆದ್ದರಿಂದಲೇ ಆ ಮಾತು ನಾಲಗೆಯ ಮೇಲಿಂದ ಅಷ್ಟು ಹಗುರಾಗಿ ಜಾರಿತು. ಗುರುಲಿಂಗಪ್ಪನವರು ಮಾರ್ಗದರ್ಶಿಯ ಮಾತು ಮೀರಬಾರದೆಂದು ಕರಡಿಗೆಗೆ ಶಿವದಾರ ಸುತ್ತಿ ಕಿಸೆಗೆ ಸೇರಿಸಿದರು.

ಮೊದಲ ಹಾದಿ ಸುಗಮವಾಗಿತ್ತು. ಹಸಿರು ಬಾನಿಗಳನ್ನು ಬೋರಲು ಹಾಕಿದಂತೆ ನಡುಗಡ್ಡೆಗಳು ಒಂದರ ಹಿಂದೊಂದು ಎದ್ದು ಬಂದವು. ಕೆಲವಕ್ಕೆ ಬೆಳ್ಳಕ್ಕಿಗಳ ಹಿಂಡು, ಕೆಲವಕ್ಕೆ ಬರಿಯ ಕರಿಬಂಡೆ. ಬಂಡೆಗಳ ಬುಡದಲ್ಲಿ ನೀರು ಒಳಹೊಕ್ಕು ಹೊರಬರುವ ಗಂಭೀರವಾದ ಸದ್ದು. ಅಂಬಿಕಾ ಹಿಂದೆ, ಗುರುಲಿಂಗಪ್ಪನವರು ಮುಂದೆ ಕುಳಿತ ಕಯಾಕ್ ಉದ್ದಕ್ಕೂ ನೇರವಾಗಿ ಸಾಗಿತು. ಇಷ್ಟು ನೀರನ್ನು ಅಳೆಯುವ ಸೇರು ಯಾವ ಗಂಜಿನಲ್ಲಿದೆ ಎಂದು ಅವರು ಒಮ್ಮೆ ಕೇಳಿದರು. ಆಮೇಲೆ ಸುತ್ತಲೂ ನೋಡುತ್ತ ಹುಟ್ಟು ಹಾಕಿದರು.

ಕಡೆಯ ನಡುಗಡ್ಡೆ ಮುಟ್ಟುವ ಹೊತ್ತಿಗೆ ಗಾಳಿ ತಿರುಗಿತು.

ಇಳಿಯಲು ಇದ್ದದ್ದು ಎರಡು ಬಂಡೆಗಳ ನಡುವಿನ ಒಂದೇ ಕಿರುದಾರಿ. ಹಿಂದಿನಿಂದ ಎದ್ದ ತೆರೆ ಕಯಾಕನ್ನು ಅಡ್ಡ ತಿರುಗಿಸಿತು.

ಮಗುಚಿತು.

ಅಂಬಿಕಾ ನೀರೊಳಗೇ ಅವರ ಜಾಕೆಟ್ಟಿನ ಪಟ್ಟಿ ಹಿಡಿದಳು. ಬಂಡೆ ತಾಗಿತು. ಇನ್ನೊಂದು ತೆರೆ ಇಬ್ಬರನ್ನೂ ಮರಳಿಗೆ ಎಸೆಯಿತು. ಸುಮೇಧಾಳೊಂದಿಗೆ ಇನ್ನೊಂದು ಕಯಾಕಿನಲ್ಲಿ ಮೊದಲೇ ಬಂದು ಇಳಿದಿದ್ದ ಮಜರ್ ಹಗ್ಗ ಬೀಸಿ ಇವರ ಕಯಾಕನ್ನು ಎಳೆದುಕೊಂಡ.

ಸಂಜೆ ಸುಮೇಧಾ ಚಹಾ ಕಾಸಿ ಗುರುಲಿಂಗಪ್ಪನವರ ಕೈಗೆ ಕೊಟ್ಟಳು. ಇದಕ್ಕಾಗಿಯೇ ಬಂದವರು ಅವರು. ಲೋಟ ಹಿಡಿದು ಎದೆಯ ಕಿಸೆ ಮುಟ್ಟಿಕೊಂಡರು; ಕಿಸೆ ಹರಿದು ಜೋತಾಡುತ್ತಿತ್ತು. ಲೋಟವನ್ನು ಮೆಲ್ಲಗೆ ಮರಳ ಮೇಲಿಟ್ಟರು.

ಲಿಂಗ ಸಿಗುವವರೆಗೆ ಏನನ್ನೂ ಬಾಯಿಗಿಡುವುದಿಲ್ಲ ಎಂದರು. ಸುಮೇಧಾಗೆ ಅದು ಅರ್ಥವಾಗಲಿಲ್ಲ. ನೀರಾದರೂ ಕುಡಿಯಬೇಕೆಂದು ಬೇಡಿಕೊಂಡಳು, ದೇವರೇನು ಬೇಡ ಅನ್ನುತ್ತಾನೆಯೇ ಎಂದು ಕೇಳಿದಳು.

"ಅಂವ ಬ್ಯಾಡ ಅನ್ನಂಗಿಲ್ಲವ್ವ," ಎಂದರು ಅವರು. "ದಿನಾ ಅದಕ್ಕ ನೀರು ತೋರ್ಸಿ ನಾ ಕುಡದಂವ. ಅದು ಸಮುದ್ರದಾಗ ಬಿದ್ದಿರೂ ಹೊತ್ತಿನ್ಯಾಗ ನನ್ನ ಬಾಯಿಗೆ ಹೆಂಗ ಹಾಕ್ಲಿ?"

ದಡ ಸೇರಿದರೆ ಯಾವುದಾದರೂ ಮಠದಲ್ಲಿ ಸ್ವಾಮಿಗಳು ಬೇರೆ ಲಿಂಗ ಕಟ್ಟಿಯಾರು. ಆದರೆ ದಡ ದೂರವಿತ್ತು. ವೈರ್‌ಲೆಸ್ಸಿನಲ್ಲಿ ಸಿಕ್ಕ ಮೀನುಗಾರರು ಗಾಳಿ ಇಳಿಯುವವರೆಗೆ ಯಾವ ದೋಣಿಯೂ ಆ ಕಡೆ ಬರಲಾರದೆಂದರು. ಮರುದಿನ ಗಾಳಿ ಇಳಿಯಲಿಲ್ಲ. ಬಿಸಿಲು ಮಾತ್ರ ಏರಿತು. ಗುರುಲಿಂಗಪ್ಪನವರು ಟೆಂಟಿನ ನೆರಳಲ್ಲಿ ಮಲಗಿದರು. ತುಟಿ ಬಿರಿದಿತ್ತು, ನಾಲಗೆ ದಪ್ಪವಾಗಿ ಮಾತು ತೊದಲುತ್ತಿತ್ತು. ಅಂಬಿಕಾಳನ್ನು ಅವರು ಒಮ್ಮೆಯೂ ದೂರಲಿಲ್ಲ. ಬೈದಿದ್ದರೆ ಆಕೆಗೆ ಹಗುರಾಗುತ್ತಿತ್ತು. ಮರಳಿನ ಮೇಲೆ ಆರಿದ ಚಹಾದ ಲೋಟ ಹಾಗೆಯೇ ಇತ್ತು. ಯಾರೂ ಅದನ್ನು ಚೆಲ್ಲಿರಲಿಲ್ಲ.

ಸಮುದ್ರದ ಇಳಿತದ ಹೊತ್ತು ಹತ್ತಿರವಾಯಿತು. ಅಂಬಿಕಾ ಒಂದು ದುಂಡುಗಲ್ಲನ್ನು ಆರಿಸಿ, ಕೈಯಲ್ಲಿ ಕರಡಿಗೆಯಷ್ಟು ತೂಗುತ್ತದೆಯೇ ಎಂದು ಗುರುಲಿಂಗಪ್ಪನವರ ಅಂಗೈಗೇ ಇಟ್ಟು ಕೇಳಿದಳು. ಅವರು ತೂಗಿ ತಲೆಯಲ್ಲಾಡಿಸಿದರು. ಇನ್ನೊಂದು ಕೊಟ್ಟಳು. ಅದೂ ಅಲ್ಲ. ಮತ್ತೊಂದಕ್ಕೆ ಅವರು ಕಣ್ಣು ಮುಚ್ಚಿ ಹೂಂಗುಟ್ಟಿದರು. ಜೀವಮಾನವೆಲ್ಲ ತೂಗಿದ ಕೈ ಅದು.

ತೆರೆ ಕರಡಿಗೆಯನ್ನು ಎತ್ತ ಒಯ್ದಿತೆಂದು ತಿಳಿಯಲು, ಆ ಕಲ್ಲಿಗೆ ಟೆಂಟಿನ ಕಿತ್ತಳೆ ದಾರದ ತುದಿ ಕಟ್ಟಿ, ಕಯಾಕ್ ಮಗುಚಿದ ಜಾಗದಲ್ಲೇ ಬಿಟ್ಟಳು. ತೆರೆ ಬಂದು ಹಿಂದೆ ಸರಿಯಿತು. ಕಲ್ಲು ತಳದಲ್ಲೇ ಉರುಳುತ್ತ ದಾರವನ್ನು ಎಳೆದುಕೊಂಡು ಹೋಗಿ, ಎಡಗಡೆಯ ಬಂಡೆಯ ಅಡಿಯ ಸಂದಿಯಲ್ಲಿ ನಿಂತಿತು. ಮತ್ತೆ ಬಿಟ್ಟಳು. ಮತ್ತೆ ಅದೇ ಸಂದಿ.

"ಅಕ್ಕಾ, ಆ ಸಂದ್ಯಾಗ ತೆರಿ ಹೊಡದ್ರ ಹೊರಗ ಬರಾಕ ಬಿಡಂಗಿಲ್ಲ," ಎಂದ ಮಜರ್, ಆಕೆಯ ಸೊಂಟಕ್ಕೆ ಹಗ್ಗ ಬಿಗಿಯುತ್ತ.

"ನೀ ಎಳದ್ರ ಬರ್ತೇನಿ."

"ಎಳೀತೇನಿ. ಅರ್ಧ ಅಕ್ಕ ಬಂದ್ರ ನನ್ನ ಬೈಬ್ಯಾಡ."

ಮುಳುಗಿದಳು.

ದಾರ ಹಿಡಿದು ಕೆಳಗಿಳಿದಳು. ಸಂದಿ ಕತ್ತಲಾಗಿತ್ತು. ಕೈ ತೂರಿಸಿದಳು. ಮರಳು, ಚಿಪ್ಪು. ಉಸಿರು ಮುಗಿಯಿತು. ಮೇಲೆ ಬಂದಳು.

ಎರಡನೆಯ ಸಲ ಭುಜದವರೆಗೆ ತೂರಿಸಿದಳು. ಅಂಗೈಗೆ ಬೆಂಕಿ ತಾಗಿದಂತಾಯಿತು: ಮೈತುಂಬ ಮುಳ್ಳಿರುವ ಕಡಲಪ್ರಾಣಿಯೊಂದು ಅಲ್ಲಿ ಅಡಗಿ ಕುಳಿತಿತ್ತು. ತೆರೆ ಬಡಿದು ಆಕೆಯನ್ನು ಬಂಡೆಗೆ ಒತ್ತಿ ಹಿಡಿಯಿತು. ಹಗ್ಗ ಬಿಗಿಯಾಯಿತು. ಮಜರ್ ಎಳೆಯುತ್ತಿದ್ದ. ಕೈ ಹಿಂದಕ್ಕೆ ತೆಗೆದರೆ ಸಾಕು, ಪಾರಾಗಬಹುದಿತ್ತು. ಆಕೆ ಮುಳ್ಳುಗಳ ಮೇಲಿಂದಲೇ ಕೈಯನ್ನು ಇನ್ನೊಂದು ಗೇಣು ಮುಂದೆ ಚಾಚಿದಳು.

ನುಣುಪು. ದುಂಡು. ತಣ್ಣಗೆ.

ಮುಷ್ಟಿ ಬಿಗಿದಳು.

ಮಜರ್ ಮತ್ತು ಸುಮೇಧಾ ಸೇರಿ ಆಕೆಯನ್ನು ಮರಳಿಗೆ ಎಳೆದಾಗ ಮುಷ್ಟಿ ಬಿಚ್ಚಲು ಆಕೆಗೇ ಆಗಲಿಲ್ಲ. ಸುಮೇಧಾ ಒಂದೊಂದೇ ಬೆರಳನ್ನು ಬಿಡಿಸಿದಳು. ಕರಡಿಗೆ ನೆಗ್ಗಿತ್ತು, ಬಾಯಿ ಬಿಚ್ಚಿರಲಿಲ್ಲ. ಶಿವದಾರ ಬಂಡೆಗೆ ತಿಕ್ಕಿ ಎಲ್ಲೋ ಕಳಚಿಹೋಗಿತ್ತು. ಅಂಬಿಕಾ ಕಿತ್ತಳೆ ದಾರವನ್ನು ಹಲ್ಲಿನಿಂದ ಕತ್ತರಿಸಿ, ಕರಡಿಗೆಗೆ ಪೋಣಿಸಿ, ತಾನೇ ಅವರ ಕೊರಳಿಗೆ ಕಟ್ಟಿದಳು.

ಗುರುಲಿಂಗಪ್ಪನವರು ತಮ್ಮನ್ನು ಎಬ್ಬಿಸಿ ಕೂಡಿಸಿರೆಂದು ಸನ್ನೆ ಮಾಡಿದರು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಸಿಹಿನೀರೆರೆದು, ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಆ ನೀರನ್ನೇ ಗುಟುಕರಿಸಿದರು. ಅವರ ಗಂಟಲು ಏರಿಳಿಯುವುದನ್ನು ಮೂವರೂ ನೋಡಿದರು. ಕಡೆಗೆ ಅವರು ಕಣ್ಣು ತೆರೆದು, ಚಹಾ ಆರಿಹೋಯಿತೇ ಎಂದು ಕೇಳಿದರು. ಸುಮೇಧಾ ಅಳುತ್ತಲೇ ಒಲೆ ಹಚ್ಚಿದಳು.

ಗಾಳಿ ಇಳಿದ ಬೆಳಿಗ್ಗೆ ಹೊರಟರು. ಅಂಬಿಕಾಳ ಬಲಗೈ ಊದಿತ್ತು. ಹುಟ್ಟಿನ ಪ್ರತಿ ಎಳೆತಕ್ಕೂ ಮುಳ್ಳುಗಳು ಒಳಗೆ ಚುಚ್ಚುತ್ತಿದ್ದವು. ಮುಂದೆ ಕುಳಿತ ಗುರುಲಿಂಗಪ್ಪನವರು ಬಲವಾಗಿ ಹುಟ್ಟು ಹಾಕಿದರು. ದಡ ಸಿಗುವವರೆಗೂ ಅವರು ಕೈ ನಿಲ್ಲಿಸಲಿಲ್ಲ.

ಕಲಬುರಗಿಯ ಮನೆಯಲ್ಲಿ ನೀಲಗಂಗಮ್ಮ ಗಂಡನನ್ನು ತಲೆಯಿಂದ ಕಾಲವರೆಗೆ ನೋಡಿದಳು. ದೃಷ್ಟಿ ಕೊರಳ ಬಳಿ ನಿಂತಿತು. ಒಳಗೆ ಹೋಗಿ ಹೊಸ ಶಿವದಾರ ತಂದು ಹಿಡಿದಳು.

"ಬ್ಯಾಡ," ಎಂದರು ಗುರುಲಿಂಗಪ್ಪನವರು. "ಇದು ಇರ್ಲಿ. ಅಂಬಿಕಾ ಕಟ್ಯಾಳ."

ನಡೆದದ್ದನ್ನು ಅಂಬಿಕಾ ತಾನೇ ಹೇಳತೊಡಗಿದಳು. ಕಿಸೆಯಲ್ಲಿಡಲು ಹೇಳಿದವಳು ತಾನೆಂಬುದನ್ನೂ ಬಿಡಲಿಲ್ಲ. ನೀಲಗಂಗಮ್ಮನ ಮುಖ ಗಟ್ಟಿಯಾಯಿತು. ಹೊಸ ದಾರವನ್ನು ಮಡಚಿಟ್ಟು ಅಡುಗೆಮನೆಗೆ ನಡೆದಳು. ಅಂಬಿಕಾ ಹೊರಡಲೆಂದು ಎದ್ದಳು.

ಆಕೆ ಹೊಸ್ತಿಲು ದಾಟುವಷ್ಟರಲ್ಲಿ ನೀಲಗಂಗಮ್ಮ ತಟ್ಟೆ ಹಿಡಿದು ಬಂದಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ಪಟ್ಟಿ ಸುತ್ತಿದ ಆ ಬಲಗೈಯನ್ನು ಒಂದು ಕ್ಷಣ ನೋಡಿ, ಆಕೆಯನ್ನು ಕೂಡಿಸಿದಳು. ತಾನೇ ತುತ್ತು ಮುರಿದು, ಪಲ್ಯ ಹಚ್ಚಿ, ಮುಂದೆ ಹಿಡಿದಳು.

"ಬಾಯಿ ತೆರಿಯವ್ವ," ಎಂದಳು.