ಗುಡಿಸಿದ ಹೊಲ

“ಯಾರಲೇ ಈ ಹೊಲಾ ಗುಡಿಸಿದ್ದು?”

ಕುರಿಗಾರ ಕಾಡಸಿದ್ದಪ್ಪ ಬದುವಿನ ಮೇಲೆ ನಿಂತು ಗುಡುಗಿದ. ಅವನ ಹಿಂದೆ ಇಡೀ ಮಂದೆಯೇ ನಿಂತುಬಿಟ್ಟಿತು.

“ನಾನೇ!” ಹುಡುಗಿ ಗುಲ್ಜಾರಬೀ ಪೊರಕೆ ಎತ್ತಿ ತೋರಿಸಿದಳು.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಅವಳಪ್ಪ ದೊರೆಗಳ ಕುದುರೆಗೆ ಲಾಳ ಹೊಡೆಯುತ್ತಿದ್ದ. ಅಲ್ಲಿನ ಸ್ಕೂಲಿನಲ್ಲಿ ಅಂಗಳ ಗುಡಿಸುವುದರಲ್ಲಿ ಇವಳೇ ಫಸ್ಟು. ಒಂದು ಎಲೆ ಬಿದ್ದಿದ್ದರೂ ಮಿಸ್ಸಮ್ಮ ಕಣ್ಣು ಬಿಡುತ್ತಿದ್ದರು. ರಜೆಗೆ ಕೊಳಗಲ್ಲಿಗೆ, ಅಪ್ಪನ ತಾಯಿಯ ಊರಿಗೆ ಬಂದವಳು ದಾದಿಯ ಹೊಲದ ತುಂಬ ತೊಗರಿ ಎಲೆ, ಜೋಳದ ಒಣಗರಿಯ ರವದಿ ನೋಡಿ ಸುಮ್ಮನಿರುತ್ತಾಳೆಯೇ? ಎಲ್ಲ ಬಳಿದು ಮೂಲೆಗೆ ಒಟ್ಟಿದ್ದಳು. ಬೆಂಕಿ ಹಚ್ಚುವುದೊಂದೇ ಬಾಕಿ.

“ಎಷ್ಟ್ ಕ್ಲೀನ್ ಐತಿ ನೋಡ್ರಿ!”

“ನನ್ನ ಕುರಿ ನಿನ್ನ ಕ್ಲೀನ್ ತಿಂತಾವೇನು? ಮಗ್ಗಲ ಎರ್ರಣ್ಣನ ಹೊಲದಾಗ ಬೇಕಾದಷ್ಟು ಮೇವೈತಿ. ರಾತ್ರಿ ಮಂದೀನ ಅಲ್ಲೇ ತರುಬತೀನಿ.” ಕಾಡಸಿದ್ದಪ್ಪ ಮಂದೆ ತಿರುಗಿಸಿದ.

ದಾದಿ ಕುಲ್ಸುಂಬೀ ಸೆರಗು ಸಾವರಿಸುತ್ತ ಓಡಿ ಬಂದಳು. “ನಿಲ್ಲೋ ಸಿದ್ದಪ್ಪ! ಮೊದಲ ಹತ್ತಿ ಬಿತ್ತಿ ಬಿತ್ತಿ ನೆಲಾ ಸತ್ತಂಗ ಆಗೇತಿ. ನಿನ್ನ ಕುರಿ ಇಲ್ಲಿ ಮಲಗಿ ಹಿಕ್ಕಿ ಹಾಕಿ ಗೊಬ್ಬರಾ ಆದ್ರನ ಮುಂದಿನ ಜ್ವಾಳ ಏಳಾದು.”

“ಹೊಟ್ಟಿಗಿಲ್ಲದ್ದು ಹಿಕ್ಕಿ ಎಲ್ಲಿಂದ ಹಾಕ್ತಾವು ಕುಲ್ಸುಂಬಮ್ಮ?”

ದಾದಿ ಮೊಮ್ಮಗಳನ್ನು ಬೈಯಲಿಲ್ಲ. ಬದುವಿನ ಮೇಲೆ ಕುಸಿದು ಕುಳಿತಳು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಗುಲ್ಜಾರ ಪೊರಕೆ ಬಿಸಾಕಿ ಮೂಲೆಗೆ ಓಡಿದಳು. ತಬ್ಬಿದಷ್ಟು ರವದಿ ತಂದು ಹೊಲದ ನಡುವೆ ಸುರಿದಳು.

“ಏ ಹುಡುಗಿ, ಹರವು! ಊಟಕ್ಕ ಕುಂತೋರಾಗ ಒಬ್ಬನ ಎಲಿಗೇ ಎಲ್ಲಾ ಸುರೀತಿಯೇನು?” ಎಂದ ಕಾಡಸಿದ್ದಪ್ಪ.

ಅವಳು ಹರವಿದಳು. ಮತ್ತೆ ತಂದಳು, ಮತ್ತೆ ಹರವಿದಳು. ಉಟ್ಟ ಪರಕಾರದ ತುಂಬ ಮುಳ್ಳು, ಮೂಗಿನ ತುಂಬ ಧೂಳು. ಒಂದು ಕುಂಟ ಕುರಿ ಬದು ಇಳಿದು ತೊಗರಿ ಎಲೆಗೆ ಬಾಯಿ ಹಾಕಿತು. ಅದರ ಹಿಂದೆ ಇನ್ನೊಂದು. ಆಮೇಲೆ ಮಂದೆಗೆ ಮಂದೆಯೇ ನುಗ್ಗಿತು.

ಕಾಡಸಿದ್ದಪ್ಪ ಹೆಗಲ ಕಂಬಳಿ ಕೆಳಗಿಟ್ಟ. “ಆತ್ ಬಿಡು. ಇಲ್ಲೇ ತರುಬಿದೆ.”

ಮರುದಿನ ಬೆಳಿಗ್ಗೆ ಹೊಲ ನೋಡಬೇಕಿತ್ತು! ಎಲ್ಲಿ ನೋಡಿದರೂ ಹಿಕ್ಕಿ. ತಿಂದು ಉಳಿದ ಎಲೆಯೆಲ್ಲ ಗೊರಸಿನಡಿ ಸಿಕ್ಕಿ ಮಣ್ಣಿಗೆ ಅಂಟಿತ್ತು. ಗುಲ್ಜಾರ ಒಂದು ಸುತ್ತು ಹಾಕಿ, ಬದು ದಾಟಿ ಮನೆಯ ದಾರಿ ಹಿಡಿದಳು.

ಸ್ವಲ್ಪ ದೂರ ಹೋದ ಮೇಲೆ ಹಿಮ್ಮಡಿಗೆ ಏನೋ ಅಂಟಿದಂತಾಯಿತು. ಬಗ್ಗಿ ನೋಡಿದರೆ ಹಿಕ್ಕಿ. ಛೀ ಎಂದು ಕಾಲನ್ನು ಕಲ್ಲಿಗೆ ಉಜ್ಜಲು ಹೋದವಳು ತಟ್ಟನೆ ನಿಂತಳು.

ಹಿಮ್ಮಡಿ ಎತ್ತಿಕೊಂಡು ಕುಂಟುತ್ತ ಕುಂಟುತ್ತ ಹೊಲಕ್ಕೆ ವಾಪಸು ಹೋದಳು. ಅಲ್ಲೇ ಕಾಲು ಉಜ್ಜಿ ಬಂದಳು.